ಐದು ಕುಲ ಸೇರಿ ನಡೆಸುವ ಸರ್ಕಾರ: ಯೂಕಾನ್‌ನ ಟೆಸ್ಲಿನ್ ಟ್ಲಿಂಗಿಟ್ ಜನ

ವೈಟ್‌ಹಾರ್ಸ್ ಕನ್ನಡಿಗ

ಬೇರೊಂದು ಚರ್ಚೆಯಲ್ಲಿ ಒಬ್ಬರು "ಉತ್ತರ ಅಮೆರಿಕದ ಮೂಲನಿವಾಸಿಗಳ ಸ್ವಯಂ ಆಡಳಿತ ಅಂದ್ರೆ ಬರೀ ಬೋರ್ಡು, ಒಳಗೆ ಹೋದರೆ ಏನೂ ಇಲ್ಲ" ಅಂತ ಬರೆದಿದ್ದರು. ಅಲ್ಲೇ ಉತ್ತರ ಕೊಡೋಣ ಅಂದುಕೊಂಡೆ. ಉದ್ದ ಆಗುತ್ತೆ ಅಂತ ಬೇರೆ ಎಳೆ ಶುರು ಮಾಡಿದ್ದೇನೆ.

ನಾನಿರುವುದು ಕೆನಡಾದ ವಾಯವ್ಯ ಮೂಲೆಯ ಯೂಕಾನ್ ಪ್ರದೇಶದ ರಾಜಧಾನಿ ವೈಟ್‌ಹಾರ್ಸ್‌ನಲ್ಲಿ. ಇಲ್ಲಿಂದ ಅಲಾಸ್ಕಾ ಹೆದ್ದಾರಿ ಹಿಡಿದು ಆಗ್ನೇಯಕ್ಕೆ ಎರಡು ಗಂಟೆ ಕಾರು ಓಡಿಸಿದರೆ ಟೆಸ್ಲಿನ್ ಸಿಗುತ್ತದೆ. ಉದ್ದನೆಯ ಸರೋವರದ ದಂಡೆ, ಒಂದು ಪೆಟ್ರೋಲ್ ಬಂಕು, ಒಂದು ಶಾಲೆ. ಜನಸಂಖ್ಯೆ ಐನೂರರ ಆಸುಪಾಸು. ಬಹುಪಾಲು ಟ್ಲಿಂಗಿಟ್ ಜನ. ಇವರ ಹಿರಿಯರು ಅಲಾಸ್ಕಾದ ಸಮುದ್ರ ತೀರದಿಂದ ಟಾಕು ನದಿ ದಾರಿಯಲ್ಲಿ ವ್ಯಾಪಾರಕ್ಕೆ ಅಂತ ಒಳನಾಡಿಗೆ ಬಂದು ನೆಲೆ ನಿಂತವರು. ಟ್ಲಿಂಗಿಟ್ ಜನರಲ್ಲಿ ಹೆಚ್ಚಿನವರು ಈಗಲೂ ಇರುವುದು ಅಲಾಸ್ಕಾದ ತೀರದಲ್ಲೇ. ಕೆನಡಾದ ಕಡೆ ಟೆಸ್ಲಿನ್, ಆಟ್ಲಿನ್, ಕಾರ್‌ಕ್ರಾಸ್ ಊರುಗಳಲ್ಲಿ ಒಳನಾಡಿನ ಟ್ಲಿಂಗಿಟ್ ಇದ್ದಾರೆ.

ಈ ಐನೂರು ಜನರ ಊರಿನಲ್ಲಿ ಟೆಸ್ಲಿನ್ ಟ್ಲಿಂಗಿಟ್ ಕೌನ್ಸಿಲ್ ಅಂತ ಒಂದು ಸರ್ಕಾರ ಇದೆ. ಎನ್‌ಜಿಒ ಅಲ್ಲ, ಪಂಚಾಯ್ತಿಯೂ ಅಲ್ಲ. ಅದಕ್ಕೆ ಸ್ವಂತ ಸಂವಿಧಾನ ಇದೆ, ಕಾನೂನು ಮಾಡುವ ಅಧಿಕಾರ ಇದೆ, ತೆರಿಗೆ ಹಾಕುವ ಅಧಿಕಾರ ಇದೆ. ದೊಡ್ಡ ಸಭೆಯಲ್ಲಿ 25 ಜನ. ಐದು ಕುಲ, ಕುಲಕ್ಕೆ ಐದು ಜನ. ಪಾರ್ಟಿ ಇಲ್ಲ, ವಾರ್ಡ್ ಇಲ್ಲ. ಆಯಾ ಕುಲದವರು ತಮ್ಮೊಳಗೆ ಕೂತು ತಮ್ಮ ಐದು ಜನರನ್ನು ಆರಿಸಿ ಕಳಿಸುತ್ತಾರೆ.

ಐದು ಕುಲ ಯಾವುವು ಅಂದರೆ ಕುಕ್‌ಹಿತ್ತಾನ್, ಇಷ್ಕಿತಾನ್, ದೆಶಿತಾನ್, ಯನ್‌ಯೇದಿ, ದಖ್ಲವೇದಿ. ಗುರುತುಗಳು ಇದೇ ಸಾಲಿನಲ್ಲಿ ಕಾಗೆ, ಕಪ್ಪೆ, ಬೀವರ್, ತೋಳ, ಹದ್ದು. ಮೊದಲ ಮೂರು ಕಾಗೆ ಪಂಗಡಕ್ಕೆ ಸೇರುತ್ತವೆ, ಕೊನೆಯ ಎರಡು ತೋಳ ಪಂಗಡಕ್ಕೆ. ಸರೋವರದ ಪಕ್ಕ ಇವರದೊಂದು ಸಂಸ್ಕೃತಿ ಕೇಂದ್ರ ಇದೆ. ಅದರ ಮುಂದೆ ಐದೂ ಕುಲಗಳ ಕೆತ್ತನೆ ಕಂಬ ನಿಲ್ಲಿಸಿದ್ದಾರೆ.

ಹೆಸರಿಗಷ್ಟೇ ಇರುವ ಸರ್ಕಾರವೋ ನಿಜವಾದದ್ದೋ, ನೀವೇ ಹೇಳಿ.

ಕುಡ್ಲದ ಮೀನು

ಒಳ್ಳೆ ಎಳೆ ಮಾರಾಯ್ರೇ. ಒಂದು ಪ್ರಶ್ನೆ. ಮಗು ಯಾವ ಕುಲಕ್ಕೆ ಸೇರುತ್ತದೆ? ಅಪ್ಪನದ್ದಾ, ಅಮ್ಮನದ್ದಾ?

ವೈಟ್‌ಹಾರ್ಸ್ ಕನ್ನಡಿಗ

ಅಮ್ಮನದ್ದು. ನಿಮ್ಮ ಕಡೆಯವರಿಗೆ ಅಳಿಯ ಸಂತಾನ ಕಟ್ಟು ಗೊತ್ತಿರುವುದರಿಂದ ಜಾಸ್ತಿ ವಿವರಿಸಬೇಕಿಲ್ಲ. ಕಾಗೆ ಪಂಗಡದವರು ತೋಳ ಪಂಗಡದಲ್ಲೇ ಮದುವೆ ಆಗಬೇಕು ಅನ್ನುವುದು ಹಳೇ ಕಟ್ಟಳೆ. ಹಾಗಾಗಿ ಪ್ರತಿ ಮನೆಯಲ್ಲೂ ಎರಡೂ ಪಂಗಡದವರು ಇರುತ್ತಾರೆ. ಯಾರಾದರೂ ತೀರಿಕೊಂಡರೆ ಗುಂಡಿ ತೋಡುವುದು, ಪೆಟ್ಟಿಗೆ ಹೊರುವುದು, ಅಡುಗೆ ನೋಡಿಕೊಳ್ಳುವುದು ಎಲ್ಲ ಎದುರು ಪಂಗಡದವರ ಕೆಲಸ. ತೀರಿಕೊಂಡವರ ಕುಲದವರು ಆಮೇಲೆ ದೊಡ್ಡ ಊಟ ಹಾಕಿ, ಎಲ್ಲರ ಮುಂದೆ ಹಣ, ಕಂಬಳಿ ಕೊಟ್ಟು ಋಣ ತೀರಿಸುತ್ತಾರೆ. ಅದಕ್ಕೇ ಪಾಟ್‌ಲ್ಯಾಚ್ ಅನ್ನುವುದು.

ಕೆನಡಾ ಸರ್ಕಾರ 1885ರಿಂದ 1951ರವರೆಗೆ ಪಾಟ್‌ಲ್ಯಾಚ್ ಅನ್ನೇ ಅಪರಾಧ ಮಾಡಿಟ್ಟಿತ್ತು. ಉಡುಗೊರೆ ಹಂಚುವುದು ಅಪರಾಧ, ನೋಡಿ!

ಹಳೇ ಮೈಸೂರು

ಬೋರ್ಡಿನ ಮಾತು ಆಡಿದವನು ನಾನೇ. ಈಗಲೂ ಅದನ್ನೇ ಹೇಳುತ್ತೇನೆ.

ನೀವು ಬರೆದದ್ದನ್ನು ಓದಿದರೆ ನನಗೆ ಕಾಣುವುದು ಜಾತಿ ಪಂಚಾಯ್ತಿ. ಹುಟ್ಟಿನಿಂದ ಕುಲ, ಕುಲದಿಂದ ಸೀಟು. ಒಂದು ಕುಲದಲ್ಲಿ ಇನ್ನೂರು ಜನ, ಇನ್ನೊಂದರಲ್ಲಿ ಐವತ್ತು ಜನ ಇದ್ದರೂ ಐದೈದೇ ಸೀಟಾ? ಇದು ಯಾವ ಸೀಮೆ ಪ್ರಜಾಪ್ರಭುತ್ವ? ನಮ್ಮಲ್ಲಿ ಯಾರಾದರೂ "ಊರಿನ ಆಡಳಿತ ಕುಲದ ಯಜಮಾನರ ಕೈಗೆ ಕೊಡಿ" ಅಂದರೆ ಇದೇ ವೇದಿಕೆಯಲ್ಲಿ ಎಲ್ಲರೂ ಮೈಮೇಲೆ ಬೀಳುತ್ತೀರಿ. ಕೆನಡಾದಲ್ಲಿ ನಡೆದರೆ ಮಾತ್ರ ಸಂಸ್ಕೃತಿ ಅಲ್ವಾ?

ಇನ್ನೊಂದು, ದುಡ್ಡು ಎಲ್ಲಿಂದ ಬರುತ್ತೆ? ಕೆನಡಾದ ರಾಜಧಾನಿ ಒಟ್ಟಾವಾದಿಂದ ತಾನೇ. ಊಟ ಹಾಕುವವನು ಬೇರೆ, ಮನೆ ಯಜಮಾನ ನಾನು ಅಂದರೆ ಹೇಗೆ?

ಧಾರವಾಡ ಪೇಡೆ

ಹಳೇ ಮೈಸೂರು ಅವರು ಕಟುವಾಗಿ ಹೇಳಿದರೂ ಪ್ರಶ್ನೆ ಸರಿಯಾಗೇ ಇದೆ ನೋಡ್ರೀ. ಉತ್ತರ ಬರಲಿ.

ವೈಟ್‌ಹಾರ್ಸ್ ಕನ್ನಡಿಗ

ಸಾರ್, ಜಾತಿ ಪಂಚಾಯ್ತಿ ಅನ್ನುವ ಹೋಲಿಕೆ ಮೊದಲ ನೋಟಕ್ಕೆ ಸರಿ ಅನಿಸುತ್ತೆ. ಸ್ವಲ್ಪ ಒಳಗೆ ಹೋಗಿ ನೋಡಿ.

ಜಾತಿ ಅಂದರೆ ಮೇಲು ಕೀಳು ಮತ್ತು ಒಳಗೊಳಗೇ ಮದುವೆ. ಇಲ್ಲಿ ತಮ್ಮ ಪಂಗಡದೊಳಗೆ ಮದುವೆಯೇ ಇಲ್ಲ. ಐದು ಕುಲಗಳಲ್ಲಿ ಯಾವುದೂ ಇನ್ನೊಂದರ ಕೈ ಕೆಳಗಿಲ್ಲ. ಹಾಗಂತ ಟ್ಲಿಂಗಿಟ್ ಸಮಾಜದಲ್ಲಿ ಎಲ್ಲರೂ ಸಮಾನರಾಗಿದ್ದರು ಅಂತಲ್ಲ. ಹಿಂದಿನ ಕಾಲದಲ್ಲಿ ದೊಡ್ಡ ಮನೆತನ ಇತ್ತು, ಗುಲಾಮರೂ ಇದ್ದರು. ಅದನ್ನು ಮುಚ್ಚಿಡಬೇಕಾಗಿಲ್ಲ. ಈಗಿನ ಕುಲ ವ್ಯವಸ್ಥೆ ಮಾತ್ರ ಆ ಲೆಕ್ಕದ್ದಲ್ಲ.

ಈಗ ನಿಜವಾದ ವಿಷಯಕ್ಕೆ ಬರೋಣ. ಕುಲಗಳ ಜಾಗದಲ್ಲಿ ಮೊದಲು ಏನಿತ್ತು? 1876ರ ಇಂಡಿಯನ್ ಆಕ್ಟ್. ಮೂಲನಿವಾಸಿಗಳ ಬದುಕನ್ನೆಲ್ಲ ಆ ಒಂದೇ ಕಾಯ್ದೆಯಲ್ಲಿ ಕಟ್ಟಿಹಾಕಿದ್ದರು. ಒಬ್ಬ ಚೀಫ್, ಕೆಲವು ಜನ ಕೌನ್ಸಿಲರ್, ಅವರು ಏನೇ ತೀರ್ಮಾನ ಮಾಡಿದರೂ ಒಟ್ಟಾವಾದ ಮಂತ್ರಿ ಬೇಡ ಅಂದರೆ ಮುಗಿಯಿತು. ಹೆಸರಿಗೆ ಚುನಾವಣೆ ಇತ್ತು. ನೀವು ಹೇಳುವ "ಬರೀ ಬೋರ್ಡು" ಅದು.

ಅದೇ ಕಾಯ್ದೆಯಲ್ಲಿ ಇನ್ನೊಂದು ನಿಯಮ. ಮೂಲನಿವಾಸಿ ಹೆಣ್ಣುಮಗಳು ಹೊರಗಿನವನನ್ನು ಮದುವೆಯಾದರೆ ಅವಳೂ ಮಕ್ಕಳೂ "ಇಂಡಿಯನ್" ಪಟ್ಟಿಯಿಂದ ಹೊರಗೆ. ಗಂಡಸು ಹೊರಗಿನವಳನ್ನು ಮದುವೆಯಾದರೆ ಅವಳು ಪಟ್ಟಿಯ ಒಳಗೆ! 1985ರಲ್ಲಿ ತಿದ್ದುಪಡಿ ಬರುವವರೆಗೂ ಇದು ನಡೆಯಿತು. ಟ್ಲಿಂಗಿಟ್ ಜನರಲ್ಲಿ ಕುಲ ಹರಿಯುವುದೇ ತಾಯಿಯಿಂದ. ಅಂದರೆ ಕುಲವನ್ನು ಮುಂದುವರಿಸಬೇಕಾದವಳನ್ನೇ ಸರ್ಕಾರ ಪಟ್ಟಿಯಿಂದ ಹೊಡೆದು ಹಾಕುತ್ತಿತ್ತು. ಕುಲದ ಲೆಕ್ಕದಲ್ಲಿ ಅವಳು ಯಾವತ್ತೂ ಹೊರಗಿನವಳಾಗಿರಲಿಲ್ಲ.

ಹಾಗಾಗಿ ಸ್ವಂತ ಸಂವಿಧಾನ ಬರೆಯುವ ಅವಕಾಶ ಸಿಕ್ಕಾಗ ಇವರು ಕುಲವನ್ನೇ ಅಡಿಪಾಯ ಮಾಡಿಕೊಂಡರು. ಸುಮ್ನೆ ಹಳೇ ನೆನಪಿಗೆ ಅಲ್ಲ. ಯಾರು ನಮ್ಮವರು ಅನ್ನುವ ಪಟ್ಟಿ ಒಟ್ಟಾವಾದ ಕೈಯಿಂದ ತಪ್ಪಬೇಕಿತ್ತು.

ದುಡ್ಡಿನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಡ್ಯೂಟಿಗೆ ಹೊತ್ತಾಯಿತು.

ಬಾರ್ ರೂಮ್

ವಕೀಲಿ ವೃತ್ತಿಯವಳು, ಬೆಂಗಳೂರು. ಮೂಲನಿವಾಸಿ ಕಾನೂನಿನಲ್ಲಿ ಆಸಕ್ತಿ ಇರುವುದರಿಂದ ಇವರ ಒಪ್ಪಂದ ಓದಿದ್ದೇನೆ. ಅಧಿಕಾರದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1973ರ ಫೆಬ್ರವರಿ 14ರಂದು ಯೂಕಾನ್‌ನ ಮುಖಂಡರ ತಂಡ, ಎಲಿಜಾ ಸ್ಮಿತ್ ಮುಂದಾಳತ್ವದಲ್ಲಿ, ಒಟ್ಟಾವಾಗೆ ಹೋಗಿ ಆಗಿನ ಪ್ರಧಾನಿ ಪಿಯೆರ್ ಟ್ರುಡೋ ಅವರ ಕೈಗೆ ಒಂದು ಬೇಡಿಕೆ ಪತ್ರ ಕೊಟ್ಟಿತು. ಯೂಕಾನ್‌ನ ಮೂಲನಿವಾಸಿಗಳು ಅದುವರೆಗೆ ಯಾವ ಒಪ್ಪಂದಕ್ಕೂ ಸಹಿ ಹಾಕಿ ನೆಲ ಬಿಟ್ಟುಕೊಟ್ಟವರಲ್ಲ. ನಮ್ಮ ನೆಲದ ಲೆಕ್ಕ ಚುಕ್ತಾ ಮಾಡಿ ಅನ್ನುವುದು ಬೇಡಿಕೆ. ಮಾತುಕತೆಗೆ ಇಪ್ಪತ್ತು ವರ್ಷ ಹಿಡಿಯಿತು. ಇಡೀ ಯೂಕಾನ್‌ಗೆ ಅನ್ವಯಿಸುವ ಚೌಕಟ್ಟಿನ ಒಪ್ಪಂದ ಆದದ್ದು 1993ರ ಮೇ ತಿಂಗಳಲ್ಲಿ. ಅದರ ಕೆಳಗೆ ಮೊದಲು ಸಹಿ ಹಾಕಿದ ನಾಲ್ಕು ಸಮುದಾಯಗಳಲ್ಲಿ ಟೆಸ್ಲಿನ್ ಒಂದು. ಜಾರಿಗೆ ಬಂದದ್ದು 1995ರ ಫೆಬ್ರವರಿ 14. ತಾರೀಕು ಗಮನಿಸಿ. ಈಗ ಯೂಕಾನ್‌ನ 14 ಸಮುದಾಯಗಳಲ್ಲಿ 11ಕ್ಕೆ ಇಂಥ ಒಪ್ಪಂದ ಇದೆ.

ಅಧಿಕಾರ ಮೂರು ತರಹ. ತಮ್ಮ ಆಡಳಿತ ಹೇಗಿರಬೇಕು ಅನ್ನುವುದು ಪೂರ್ತಿ ಅವರದೇ. ತಮ್ಮ ಪ್ರಜೆಗಳ ವಿಷಯದಲ್ಲಿ, ಅಂದರೆ ಭಾಷೆ, ಶಿಕ್ಷಣ, ಆರೋಗ್ಯ, ದತ್ತು, ಮದುವೆ, ಆಸ್ತಿ ಹಂಚಿಕೆ ಇಂಥವುಗಳಲ್ಲಿ, ಆ ಪ್ರಜೆ ಯೂಕಾನ್‌ನ ಯಾವ ಮೂಲೆಯಲ್ಲಿದ್ದರೂ ಕಾನೂನು ಮಾಡಬಹುದು. ತಮ್ಮ ನೆಲದ ಮೇಲೆ ಬೇಟೆ, ಕಟ್ಟಡ, ರಸ್ತೆ, ವ್ಯಾಪಾರ, ತೆರಿಗೆ ಇತ್ಯಾದಿಗೆ ಕಾನೂನು ಮಾಡಬಹುದು. ಒಂದು ವಿಷಯದಲ್ಲಿ ಟೆಸ್ಲಿನ್ ಕಾನೂನು ಬಂದರೆ, ಅಷ್ಟರಮಟ್ಟಿಗೆ ಯೂಕಾನ್ ಸರ್ಕಾರದ ಕಾನೂನು ಹಿಂದೆ ಸರಿಯುತ್ತದೆ. ನಮ್ಮ ಪಂಚಾಯ್ತಿಗೆ ಕನಸಿನಲ್ಲೂ ಇಲ್ಲದ ಅಧಿಕಾರ ಇದು. ಇಂಡಿಯನ್ ಆಕ್ಟ್‌ನ ಹಿಡಿತ ಬಹುತೇಕ ಮುಗಿದ ಹಾಗೇ.

ಕ್ರಿಮಿನಲ್ ಕಾನೂನು ಮಾತ್ರ ಕೆನಡಾದ್ದೇ. ಕೊಲೆ, ಕಳವು ಎಲ್ಲ ಅಲ್ಲಿಗೇ ಹೋಗುತ್ತವೆ.

ಇನ್ನು ಇದರಲ್ಲಿ ನನಗೆ ಹಿಡಿಸಿದ್ದು ಅವರ ಕೋರ್ಟು. 2011ರಲ್ಲಿ ಕೆನಡಾ, ಯೂಕಾನ್ ಎರಡೂ ಸರ್ಕಾರಗಳ ಜೊತೆ ನ್ಯಾಯಾಡಳಿತದ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಮೇಲೆ ಪೀಸ್‌ಮೇಕರ್ ಕೋರ್ಟ್ ಬಂತು. ಜಗಳ ಬಂದರೆ ಮೊದಲ ಹೆಜ್ಜೆ ಮಾತುಕತೆ, ಇಬ್ಬರೂ ಒಪ್ಪುವ ದಾರಿ ಹುಡುಕುವುದು. ಅದು ಆಗದಿದ್ದರೆ ವಿಚಾರಣೆ, ತೀರ್ಪು. ಕುಲಗಳ ಮುಖಂಡರು ಕೂರುವ ನ್ಯಾಯ ಮಂಡಳಿ ಅದರ ಮೇಲುಸ್ತುವಾರಿ ನೋಡುತ್ತದೆ. ತೀರ್ಪು ಹಿಡಿಸದಿದ್ದರೆ ಮೇಲ್ಮನವಿಗೆ ದಾರಿ ಇದೆ. ಜಾತಿ ಪಂಚಾಯ್ತಿಯಲ್ಲಿ ಬಹಿಷ್ಕಾರ ಹಾಕಿದರೆ ಯಾವ ಮೇಲ್ಮನವಿ ಇದೆ ಹೇಳಿ?

ಹಳೇ ಮೈಸೂರು

ಮೇಡಂ, ಕಾಗದದಲ್ಲಿ ಚೆನ್ನಾಗಿದೆ. ನೀವು ಹೇಳದೆ ಬಿಟ್ಟದ್ದೊಂದಿದೆ. ಇದಕ್ಕೆಲ್ಲ ಬದಲಾಗಿ ಕೊಟ್ಟದ್ದೇನು? ಪುಕ್ಕಟೆ ಯಾರೂ ಅಧಿಕಾರ ಕೊಡುವುದಿಲ್ಲ.

ಬಾರ್ ರೂಮ್

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಕೊಟ್ಟದ್ದು ನೆಲ.

ಒಪ್ಪಂದದ ಪ್ರಕಾರ ಟೆಸ್ಲಿನ್ ಜನಕ್ಕೆ ಉಳಿದ ಸ್ವಂತ ನೆಲ ಸುಮಾರು 2,400 ಚದರ ಕಿಲೋಮೀಟರ್. ಅದರಲ್ಲೂ ಎರಡು ದರ್ಜೆ. ಒಂದರಲ್ಲಿ ನೆಲದಡಿಯ ಖನಿಜವೂ ಅವರದು, ಇನ್ನೊಂದರಲ್ಲಿ ಮೇಲಿನ ನೆಲ ಮಾತ್ರ. ಹಿರಿಯರು ಬೇಟೆಯಾಡಿ, ಬಲೆ ಹಾಕಿ ಬದುಕಿದ ಪ್ರದೇಶ ಇದರ ಎಷ್ಟೋ ಪಟ್ಟು ದೊಡ್ಡದು. ಉಳಿದ ನೆಲದ ಮೇಲಿನ ಮೂಲ ಹಕ್ಕನ್ನು "ಬಿಟ್ಟುಕೊಟ್ಟಿದ್ದೇವೆ" ಅಂತ ಬರೆದುಕೊಟ್ಟಿದ್ದಾರೆ. ಬೇಟೆ, ಮೀನುಗಾರಿಕೆ ಹಕ್ಕು ಅಲ್ಲೂ ಇದೆ, ಆಡಳಿತ ಮಂಡಳಿಗಳಲ್ಲಿ ಜಾಗ ಇದೆ. ಒಡೆತನ ಇಲ್ಲ. ಇಡೀ ಯೂಕಾನ್ ಲೆಕ್ಕ ತೆಗೆದರೆ 14 ಸಮುದಾಯಗಳಿಗೂ ಸೇರಿ ನಿಗದಿಯಾದದ್ದು 41,595 ಚದರ ಕಿಲೋಮೀಟರ್. ಒಟ್ಟು ಭೂಭಾಗದ ನೂರಕ್ಕೆ ಒಂಬತ್ತು ಪಾಲೂ ಇಲ್ಲ.

ಇಂಡಿಯನ್ ಆಕ್ಟ್ ಕೊಡುತ್ತಿದ್ದ ತೆರಿಗೆ ವಿನಾಯಿತಿಯನ್ನೂ ಬಿಟ್ಟರು.

ಇನ್ನೂ ಒಂದಿದೆ. ಇಪ್ಪತ್ತು ವರ್ಷ ಮಾತುಕತೆಗೆ ಕೂರಲು ವಕೀಲರು, ನಕಾಶೆ, ಓಡಾಟ ಎಲ್ಲದಕ್ಕೂ ದುಡ್ಡು ಬೇಕಲ್ಲ? ಅದನ್ನು ಕೆನಡಾ ಸರ್ಕಾರವೇ ಸಾಲವಾಗಿ ಕೊಟ್ಟಿತ್ತು. ತಮ್ಮದೇ ನೆಲದ ಬಗ್ಗೆ ಮಾತಾಡಲು ಎದುರು ಪಾರ್ಟಿಯಿಂದಲೇ ಸಾಲ! ಪರಿಹಾರದ ಹಣ ಬಂದಾಗ ಅದರಲ್ಲೇ ಆ ಸಾಲ ಮುರಿದುಕೊಂಡರು. 2019ರ ಬಜೆಟ್‌ನಲ್ಲಿ ದೇಶದಾದ್ಯಂತ ಇಂಥ ಸಾಲ ಮನ್ನಾ ಮಾಡಿ, ಆಗಲೇ ತೀರಿಸಿದವರಿಗೆ ವಾಪಸ್ ಕೊಡುತ್ತೇವೆ ಅಂದರು. ಕಾಲು ಶತಮಾನ ಆದ ಮೇಲೆ.

ಧಾರವಾಡ ಪೇಡೆ

ಸಾಲದ ಕಥೆ ಓದಿ ತಲೆ ಕೆಟ್ಟಿತು. ಕೇಸಿನಲ್ಲಿ ಎದುರಿನವನೇ ನಮ್ಮ ವಕೀಲನ ಫೀಸು ಕೊಟ್ಟು ಆಮೇಲೆ ಡಿಕ್ರಿ ಹಣದಲ್ಲಿ ಹಿಡಿದುಕೊಂಡ ಹಾಗಾಯಿತಲ್ಲ.

ಸಿಯಾಟಲ್ ಸೊಸೆ

ನಾನು ಅಮೆರಿಕದ ಕಡೆಯ ಟ್ಲಿಂಗಿಟ್ ಜನರ ವಿಷಯ ಸೇರಿಸುತ್ತೇನೆ. ಗಡಿ ದಾಟಿದ ಕೂಡಲೇ ಕಥೆಯೇ ಬೇರೆ. ಟೆಸ್ಲಿನ್ ಜನ ಕೊಟ್ಟದ್ದು ಜಾಸ್ತಿ ಆಯಿತು ಅನ್ನುವವರು ಇದನ್ನೂ ನೋಡಲಿ.

ಅಲಾಸ್ಕಾದ ತೀರದ ಟ್ಲಿಂಗಿಟ್ ಕಾಡೆಲ್ಲ 1907ರ ಹೊತ್ತಿಗೆ ಟೋಂಗಾಸ್ ರಾಷ್ಟ್ರೀಯ ಅರಣ್ಯ ಆಗಿ ಹೋಯಿತು. ಯಾರನ್ನೂ ಕೇಳಲಿಲ್ಲ. ಮರ ಕಡಿದದ್ದಕ್ಕೆ ಪರಿಹಾರ ಕೊಡಿ ಅಂತ ಒಂದು ಟ್ಲಿಂಗಿಟ್ ಕುಲ ಸುಪ್ರೀಂ ಕೋರ್ಟಿಗೆ ಹೋಯಿತು. 1955ರಲ್ಲಿ ಕೋರ್ಟು, ನಿಮ್ಮ ಹಕ್ಕನ್ನು ಸಂಸತ್ತು ಯಾವತ್ತೂ ಮಾನ್ಯ ಮಾಡಿಲ್ಲ, ಹಾಗಾಗಿ ಪರಿಹಾರ ಇಲ್ಲ ಅಂದಿತು. ಆಮೇಲೆ 1971ರಲ್ಲಿ ಅಲಾಸ್ಕಾಗೆಲ್ಲ ಸೇರಿ ಒಂದು ಕಾಯ್ದೆ ಬಂತು. ನೆಲ 4.4 ಕೋಟಿ ಎಕರೆ, ಹಣ 96 ಕೋಟಿ ಡಾಲರ್ ಚಿಲ್ಲರೆ. ಕೇಳಲು ಭಾರಿ. ಆದರೆ ನೆಲವನ್ನು ಬುಡಕಟ್ಟಿಗೆ ಕೊಡಲಿಲ್ಲ. ಕಂಪನಿಗಳನ್ನು ಮಾಡಿ ಕಂಪನಿಗೆ ಕೊಟ್ಟರು. ಜನರೆಲ್ಲ ಷೇರುದಾರರು. ತೀರದ ಟ್ಲಿಂಗಿಟ್ ಜನರ ದೊಡ್ಡ ಕಂಪನಿ ಸೀಅಲಾಸ್ಕಾ, ಆಫೀಸು ಅಲಾಸ್ಕಾದ ರಾಜಧಾನಿ ಜೂನೋದಲ್ಲಿ. ಇದರ ಪರಿಣಾಮ ಏನು ಗೊತ್ತಾ? ಬುಡಕಟ್ಟಿಗೆ ಸರ್ಕಾರ ಇದೆ, ನೆಲ ಇಲ್ಲ. ಕಂಪನಿಗೆ ನೆಲ ಇದೆ, ಅದು ಸರ್ಕಾರ ಅಲ್ಲ. ಆ ಕಂಪನಿಗಳ ನೆಲದ ಮೇಲೆ ಬುಡಕಟ್ಟಿನ ಅಧಿಕಾರ ನಡೆಯದು ಅಂತ 1998ರಲ್ಲಿ ಸುಪ್ರೀಂ ಕೋರ್ಟು ಬೇರೊಂದು ಊರಿನ ಕೇಸಿನಲ್ಲಿ ಹೇಳಿಯೂ ಬಿಟ್ಟಿತು.

ಈಗ ಟ್ಲಿಂಗಿಟ್ ಮತ್ತು ನೆರೆಯ ಹೈಡಾ ಜನರ ಕೇಂದ್ರ ಮಂಡಳಿ ಜೂನೋ ಊರಿನಲ್ಲಿರುವ ತನ್ನ ಒಂದು ತುಂಡು ಜಾಗವನ್ನು ಫೆಡರಲ್ ಸರ್ಕಾರದ ಟ್ರಸ್ಟ್‌ಗೆ, ಅಂದರೆ ಬುಡಕಟ್ಟಿನ ಪರವಾಗಿ ಸರ್ಕಾರ ಹಿಡಿದಿಡುವ ನೆಲಕ್ಕೆ, ಸೇರಿಸಿ ಅಂತ ಕೇಳಿತು. ಟ್ರಸ್ಟ್‌ಗೆ ಸೇರಿದರೆ ಅಲ್ಲಿ ಬುಡಕಟ್ಟಿನ ಕಾನೂನು ನಡೆಯುತ್ತದೆ. 2022ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಜಾಗ ಎಷ್ಟು ಅಂತೀರಿ? 787 ಚದರ ಅಡಿ. ನಮ್ಮ ಬೆಂಗಳೂರಿನ ಮೂವತ್ತು ನಲವತ್ತು ಸೈಟು ಇದಕ್ಕಿಂತ ದೊಡ್ಡದು! ಅಷ್ಟಕ್ಕೇ ಅಲಾಸ್ಕಾ ರಾಜ್ಯ ಸರ್ಕಾರ 2023ರ ಜನವರಿಯಲ್ಲಿ ಕೇಸು ಹಾಕಿತು. 2024ರಲ್ಲಿ ಫೆಡರಲ್ ಜಡ್ಜ್, ಹೀಗೆ ಟ್ರಸ್ಟ್‌ಗೆ ಸೇರಿಸುವ ಅಧಿಕಾರ ಇದೆ ಅಂದರು, ಈ ತುಂಡಿಗೆ ಕೊಟ್ಟ ಒಪ್ಪಿಗೆಯನ್ನು ಮಾತ್ರ ರದ್ದು ಮಾಡಿ ವಾಪಸ್ ಕಳಿಸಿದರು.

ಕುಡ್ಲದ ಮೀನು

787 ಚದರ ಅಡಿಗೆ ರಾಜ್ಯ ಸರ್ಕಾರ ಕೋರ್ಟಿಗೆ ಹೋಯಿತಾ! ನಮ್ಮಲ್ಲಿ ಅಣ್ಣ ತಮ್ಮ ಹೋಗುತ್ತಾರೆ, ಸರ್ಕಾರ ಹೋದದ್ದು ಕೇಳಿರಲಿಲ್ಲ.

ಹಾಗಾದರೆ ಅಲಾಸ್ಕಾ ಕಡೆ ಬುಡಕಟ್ಟಿನ ಕಾನೂನು ಎಲ್ಲೂ ನಡೆಯುವುದಿಲ್ಲವಾ?

ಸಿಯಾಟಲ್ ಸೊಸೆ

ನಡೆದ ಒಂದು ಕೇಸು ಹೇಳುತ್ತೇನೆ. ಇದನ್ನು ಓದಿದ ಮೇಲೆ ಹಳೇ ಮೈಸೂರು ಅವರು ಏನನ್ನುತ್ತಾರೆ ಅಂತ ಕುತೂಹಲ.

ಹೇನ್ಸ್ ಪಟ್ಟಣದ ಹತ್ತಿರ ಚಿಲ್ಕಾಟ್ ನದಿ ದಂಡೆಯಲ್ಲಿ ಕ್ಲುಕ್ವಾನ್ ಅಂತ ಪುಟ್ಟ ಹಳ್ಳಿ. ಅಲ್ಲಿ ಗಾನಖ್‌ತೇದಿ ಕುಲದವರ ತಿಮಿಂಗಿಲ ಮನೆ. ಮನೆ ಅಂದರೆ ಕುಲದ ಮನೆ. ಅದರೊಳಗೆ ನಾಲ್ಕು ಕೆತ್ತನೆ ಕಂಬ, ಮರದ ಹಲಗೆಗಳನ್ನು ಸೇರಿಸಿ ಕೆತ್ತಿ ಬಣ್ಣ ಹಾಕಿದ ಒಂದು ದೊಡ್ಡ ಪರದೆ. ಹತ್ತೊಂಬತ್ತನೇ ಶತಮಾನದ ಶುರುವಿನ ಕೆಲಸ. ಟ್ಲಿಂಗಿಟ್ ಕಲೆಯಲ್ಲಿ ಇದಕ್ಕಿಂತ ದೊಡ್ಡದಿಲ್ಲ ಅನ್ನುವವರಿದ್ದಾರೆ. ಮ್ಯೂಸಿಯಂಗಳೂ ದಲ್ಲಾಳಿಗಳೂ ಎಷ್ಟೋ ದಶಕ ಅದರ ಹಿಂದೆ ಬಿದ್ದಿದ್ದರು. ಇದೇ ಊರಿನಲ್ಲಿ ಹುಟ್ಟಿ, ಫಿಲಡೆಲ್ಫಿಯಾದ ಮ್ಯೂಸಿಯಂಗೆ ವಸ್ತು ಸಂಗ್ರಹಿಸುತ್ತಿದ್ದ ಲೂಯಿಸ್ ಶಾಟ್ರಿಜ್ ಕೂಡ 1920ರ ದಶಕದಲ್ಲಿ ಪ್ರಯತ್ನಪಟ್ಟು ಬರಿಗೈಯಲ್ಲಿ ಹೋದರು. ಹಳ್ಳಿಯ ಕೌನ್ಸಿಲ್ 1976ರಲ್ಲಿ ಒಂದು ಕಾನೂನು ಮಾಡಿತು. ಕೌನ್ಸಿಲ್ ಒಪ್ಪಿಗೆ ಇಲ್ಲದೆ ಇಂಥ ವಸ್ತು ಊರಿಂದ ಹೊರಗೆ ಹೋಗುವಂತಿಲ್ಲ.

1984ರಲ್ಲಿ ಕುಲದವರೇ ಕೆಲವರು ಸಿಯಾಟಲ್‌ನ ದಲ್ಲಾಳಿಯ ಜೊತೆ ಮಾತಾಡಿಕೊಂಡು ಕಂಬಗಳನ್ನೂ ಪರದೆಯನ್ನೂ ಲಾರಿಗೆ ಹೇರಿ ಸಾಗಿಸಿದರು. ಹಳ್ಳಿ ಕೇಸು ಹಾಕಿತು. ವಸ್ತುಗಳು ಸಿಯಾಟಲ್‌ನ ಗೋದಾಮಿನಲ್ಲಿ ಕೂತವು. ಫೆಡರಲ್ ಕೋರ್ಟುಗಳಲ್ಲಿ ವರ್ಷಗಟ್ಟಲೆ ಓಡಾಡಿದ ಕೇಸು ಕೊನೆಗೆ ಹಳ್ಳಿಯ ಸ್ವಂತ ಬುಡಕಟ್ಟು ಕೋರ್ಟಿಗೇ ಬಂತು. 1993ರಲ್ಲಿ ತೀರ್ಪು. ಕುಲದ ಆಸ್ತಿಯನ್ನು ಒಬ್ಬಿಬ್ಬರು ಮಾರುವ ಹಾಗಿಲ್ಲ, ವಾಪಸ್ ತನ್ನಿ. 1994ರಲ್ಲಿ ಕಂಬ, ಪರದೆ ಎಲ್ಲ ಕ್ಲುಕ್ವಾನ್‌ಗೆ ಬಂದವು. ಈಗ ಊರಿನಲ್ಲಿ 2016ರಿಂದ ಅವರದೇ ಪರಂಪರೆ ಕೇಂದ್ರ ಇದೆ.

ಕೆಲವೇ ಕುಟುಂಬಗಳಿರುವ ಊರು. ಎರಡೂ ಕಡೆಯವರು ಒಬ್ಬರಿಗೊಬ್ಬರು ನೆಂಟರು. ಹತ್ತು ವರ್ಷ ಆ ಊರಿನಲ್ಲಿ ಯಾರು ಯಾರ ಮುಖ ನೋಡಿದರೋ, ಬಿಟ್ಟರೋ.

ಹಳೇ ಮೈಸೂರು

ಓದಿದೆ. ಕೋರ್ಟು ಕೆಲಸ ಮಾಡಿದೆ, ಅಲ್ಲಗಳೆಯುವುದಿಲ್ಲ. ಆದರೆ ನನ್ನ ಮಾತಿಗೆ ಇದು ಅಡ್ಡ ಬರುವುದಿಲ್ಲ, ಬೆಂಬಲವೇ ಕೊಡುತ್ತೆ. ಮಾರಿದವರೂ ಕುಲದವರೇ. ಅವರ ಕಡೆಯೂ ಏನೋ ಕಷ್ಟ ಇದ್ದಿರಬಹುದು. ಕುಲದ ಆಸ್ತಿ ಅಂದ ಕೂಡಲೇ ಒಬ್ಬ ಮನುಷ್ಯನ ಇಷ್ಟಕ್ಕೆ ಬೆಲೆ ಇಲ್ಲದಂತಾಗುತ್ತೆ.

ದುಡ್ಡಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ವೈಟ್‌ಹಾರ್ಸ್ ಕನ್ನಡಿಗ

ಬಂದೆ ಸಾರ್.

ದುಡ್ಡು ಬಹುಪಾಲು ಒಟ್ಟಾವಾದಿಂದಲೇ, ನಿಜ. ಆದರೆ ಇಂಡಿಯನ್ ಆಕ್ಟ್ ಕಾಲದ ಹಾಗೆ "ಇದನ್ನು ಇದಕ್ಕೇ ಖರ್ಚು ಮಾಡು, ಬಿಲ್ ಕಳಿಸು" ಅಲ್ಲ. ಸರ್ಕಾರ ಸರ್ಕಾರದ ನಡುವಿನ ಒಪ್ಪಂದ, ಇಷ್ಟು ವರ್ಷಕ್ಕೆ ಇಷ್ಟು ಅಂತ. ಎಲ್ಲಿಗೆ ಎಷ್ಟು ಅನ್ನುವುದು ಟೆಸ್ಲಿನ್ ಸಭೆಯ ತೀರ್ಮಾನ. ತಮ್ಮ ನೆಲದಲ್ಲಿ ಇರುವವರ ಆದಾಯ ತೆರಿಗೆಯಲ್ಲಿ ಪಾಲೂ ಬರುತ್ತದೆ. ಅಲ್ಲಾ, ಒಟ್ಟಾವಾದ ದುಡ್ಡಿನಿಂದ ನಡೆಯುವುದೇ ತಪ್ಪಾದರೆ ಯೂಕಾನ್ ಸರ್ಕಾರವೂ ಬರೀ ಬೋರ್ಡೇ. ಅದರ ವರಮಾನದ ದೊಡ್ಡ ಪಾಲೂ ಅಲ್ಲಿಂದಲೇ ಬರುವುದು. ಅದನ್ನು ಯಾರೂ ಹಾಗೆ ಕೇಳುವುದಿಲ್ಲ, ಮೂಲನಿವಾಸಿಗಳನ್ನು ಮಾತ್ರ ಕೇಳುತ್ತಾರೆ.

ಸ್ವಂತ ತೀರ್ಮಾನ ಅಂದರೆ ಹೇಗಿರುತ್ತೆ ಅನ್ನಲು ಒಂದು ಉದಾಹರಣೆ. ಇಲ್ಲಿ ಚಳಿಗಾಲದಲ್ಲಿ ಮೈನಸ್ ನಲವತ್ತಕ್ಕೂ ಇಳಿಯುವುದುಂಟು. ಕಟ್ಟಡ ಬೆಚ್ಚಗಿಡಲು ಡೀಸೆಲ್, ಪ್ರೊಪೇನ್ ಸುಡುತ್ತಾರೆ, ಅದು ನೂರಾರು ಕಿಲೋಮೀಟರ್ ದೂರದಿಂದ ಟ್ಯಾಂಕರಿನಲ್ಲಿ ಬರಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ. ಅದಕ್ಕೆ ಊರ ಸುತ್ತ ಒಣ ಮರ, ಪೊದೆ ಕಡಿದು ತೆಳ್ಳಗೆ ಮಾಡುತ್ತಾರೆ. ಟೆಸ್ಲಿನ್‌ನವರು ಆ ಕಡಿದ ಮರವನ್ನು ಚಕ್ಕೆ ಮಾಡಿ ಬಾಯ್ಲರ್‌ಗೆ ಹಾಕಿ ತಮ್ಮ ಕೌನ್ಸಿಲ್ ಕಟ್ಟಡಗಳಿಗೆ ಬಿಸಿನೀರಿನ ಪೈಪು ಎಳೆದರು. ಟ್ಯಾಂಕರಿಗೆ ಹೋಗುತ್ತಿದ್ದ ದುಡ್ಡು ಮರ ಕಡಿಯುವ ಊರ ಹುಡುಗರ ಸಂಬಳ ಆಯಿತು.

ಧಾರವಾಡ ಪೇಡೆ

ಇದು ಇಷ್ಟವಾಯಿತು. ಹೆದ್ದಾರಿ ಬರುವ ಮೊದಲು ಈ ಊರು ಹೇಗಿತ್ತು ಅಂತ ಏನಾದರೂ ಗೊತ್ತಾ?

ವೈಟ್‌ಹಾರ್ಸ್ ಕನ್ನಡಿಗ

ಅಯ್ಯೋ, ಅದಕ್ಕೊಂದು ಒಳ್ಳೇ ಕಥೆ ಇದೆ. ಜಾರ್ಜ್ ಜಾನ್‌ಸ್ಟನ್ ಅಂತ ಟೆಸ್ಲಿನ್‌ನ ಟ್ಲಿಂಗಿಟ್ ಬೇಟೆಗಾರ. ತುಪ್ಪಳದ ವ್ಯಾಪಾರದಲ್ಲಿ ಚೆನ್ನಾಗಿ ದುಡಿದಿದ್ದ. 1928ರಲ್ಲಿ ಹೊಸ ಶೆವ್ರೊಲೆ ಕಾರು ಕೊಂಡು ನದಿಯ ಹಬೆ ಹಡಗಿನಲ್ಲಿ ಊರಿಗೆ ತಂದ. ಊರಲ್ಲಿ ರಸ್ತೆಯೇ ಇಲ್ಲ! ಜನ ಸೇರಿಸಿ ಕಾಡು ಕಡಿದು ಕೆಲವು ಮೈಲಿ ರಸ್ತೆ ಮಾಡಿಕೊಂಡ, ಊರವರನ್ನು ಕೂರಿಸಿಕೊಂಡು ಬಾಡಿಗೆಗೆ ಓಡಿಸಿದ. ಚಳಿಗಾಲ ಬಂದರೆ ಹೆಪ್ಪುಗಟ್ಟಿದ ಸರೋವರವೇ ಹೆದ್ದಾರಿ. ಮಂಜಿನಲ್ಲಿ ಪ್ರಾಣಿಗಳಿಗೆ ಕಾಣಬಾರದು ಅಂತ ಕಾರಿಗೆ ಬಿಳಿ ಬಣ್ಣ ಬಳಿದು ಅದರಲ್ಲೇ ಬೇಟೆಗೆ ಹೋಗುತ್ತಿದ್ದ. ಕ್ಯಾಮೆರಾ ಇಟ್ಟುಕೊಂಡು ಊರಿನ ಜನರ ಫೋಟೊ ತೆಗೆದ. ಆ ಕಾರು, ಆ ಫೋಟೊಗಳು ಈಗ ಟೆಸ್ಲಿನ್‌ನಲ್ಲಿ ಅವನ ಹೆಸರಿನ ಮ್ಯೂಸಿಯಂನಲ್ಲಿವೆ. ಫೋಟೊಗಳಲ್ಲಿರುವ ಜನ ಯಾರ ಮುಂದೆಯೂ ಕೈ ಚಾಚಿದವರ ಹಾಗೆ ಕಾಣುವುದಿಲ್ಲ.

1942ರಲ್ಲಿ ಯುದ್ಧದ ಗಡಿಬಿಡಿಯಲ್ಲಿ ಅಮೆರಿಕದ ಸೈನ್ಯ ಕೆಲವೇ ತಿಂಗಳಲ್ಲಿ ಅಲಾಸ್ಕಾ ಹೆದ್ದಾರಿ ಹಾಕಿತು. ಸರಿಯಾಗಿ ಊರ ಮಧ್ಯೆ. ಆ ಚಳಿಗಾಲ ಟೆಸ್ಲಿನ್‌ನಲ್ಲಿ ದಡಾರ, ನಾಯಿಕೆಮ್ಮು, ಕಾಮಾಲೆ, ಮಂಗನಬಾವು, ಮೆದುಳು ಜ್ವರ ಒಂದರ ಹಿಂದೆ ಒಂದು. ಅದರ ಜೊತೆಗೆ ಮಕ್ಕಳನ್ನು ಕಾರ್‌ಕ್ರಾಸ್, ಲೋವರ್ ಪೋಸ್ಟ್ ವಸತಿ ಶಾಲೆಗಳಿಗೆ ಎಳೆದೊಯ್ದದ್ದು. ಅಲ್ಲಿ ಟ್ಲಿಂಗಿಟ್ ಮಾತಾಡಿದರೆ ಏಟು. ಲೋವರ್ ಪೋಸ್ಟ್‌ನ ಆ ಕಟ್ಟಡವನ್ನು 2021ರಲ್ಲಷ್ಟೇ ಕೆಡವಿದರು.

ಇಷ್ಟೆಲ್ಲ ಆದ ಊರಿನ ಚೀಫ್ ಆಗಿದ್ದ ಸ್ಯಾಮ್ ಜಾನ್‌ಸ್ಟನ್ 1985ರಲ್ಲಿ ಯೂಕಾನ್ ವಿಧಾನಸಭೆಯ ಸ್ಪೀಕರ್ ಆದರು. ಕೆನಡಾದ ಯಾವುದೇ ಶಾಸನಸಭೆಯಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಮೂಲನಿವಾಸಿ.

ಕುಡ್ಲದ ಮೀನು

ನನ್ನ ಹೆಸರಿಗೆ ತಕ್ಕ ಪ್ರಶ್ನೆ ಕೇಳದೆ ಹೋದರೆ ಸರಿಯಲ್ಲ. ಟ್ಲಿಂಗಿಟ್ ಅಂದರೆ ಸಾಲ್ಮನ್ ಅಲ್ವಾ? ಮೀನಿನ ಮೇಲೆ ಇವರ ಕಾನೂನು ನಡೆಯುತ್ತದಾ?

ವೈಟ್‌ಹಾರ್ಸ್ ಕನ್ನಡಿಗ

ಇಲ್ಲೇ ಸ್ವಯಂ ಆಡಳಿತದ ಕೈ ಎಷ್ಟು ಉದ್ದ ಅಂತ ಗೊತ್ತಾಗುವುದು.

ಟೆಸ್ಲಿನ್ ನದಿ ಯೂಕಾನ್ ನದಿಗೆ ಸೇರುತ್ತದೆ. ಯೂಕಾನ್ ಇಡೀ ಅಲಾಸ್ಕಾ ದಾಟಿ ಬೇರಿಂಗ್ ಸಮುದ್ರಕ್ಕೆ. ಚಿನೂಕ್ ಸಾಲ್ಮನ್ ಅಲ್ಲಿಂದ ಹೊರಟು ಎರಡು ಮೂರು ಸಾವಿರ ಕಿಲೋಮೀಟರ್ ಎದುರು ಈಜಿ ಟೆಸ್ಲಿನ್ ಕಡೆ ಮೊಟ್ಟೆ ಇಡಲು ಬರಬೇಕು. ದಾರಿಯುದ್ದಕ್ಕೂ ಬಲೆಗಳು. ಸಮುದ್ರದಲ್ಲಿ ದೊಡ್ಡ ದೊಡ್ಡ ಟ್ರಾಲರ್‌ಗಳು, ಬಿಸಿಯಾಗುತ್ತಿರುವ ನೀರು. ಮೀನು ಕಡಿಮೆ ಆಗುತ್ತಿದೆ ಅಂತ ಟೆಸ್ಲಿನ್‌ನ ಹಿರಿಯರಿಗೆ ಮೊದಲೇ ಗೊತ್ತಾಗಿತ್ತು. ಯಾರೂ ಹೇಳುವ ಮೊದಲೇ, ಎರಡು ದಶಕಕ್ಕೂ ಹಿಂದೆ, ತಾವೇ ಬಲೆ ಎತ್ತಿಟ್ಟರು. ಮಕ್ಕಳಿಗೆ ಮೀನು ಸೀಳಿ ಹೊಗೆಯಲ್ಲಿ ಒಣಗಿಸುವುದನ್ನು ಕಲಿಸಬೇಕಲ್ಲ, ಅದಕ್ಕೆ ಬೇರೆ ಕಡೆಯಿಂದ ಮೀನು ತರಿಸಿದ್ದೂ ಇದೆ. ಕಾನೂನು ಅವರಿಗೆ ಹಕ್ಕು ಕೊಟ್ಟಿತ್ತು. ಅವರು ಅದನ್ನು ಬಳಸದೆ ಬಿಟ್ಟರು. ಕೆಳಗಿನವರು ಹಿಡಿಯುತ್ತಲೇ ಇದ್ದರು.

ಕೊನೆಗೆ 2024ರ ಏಪ್ರಿಲ್‌ನಲ್ಲಿ ಅಲಾಸ್ಕಾ ಮತ್ತು ಕೆನಡಾ ಒಪ್ಪಂದ ಮಾಡಿಕೊಂಡು ಯೂಕಾನ್ ನದಿಯಲ್ಲಿ ಚಿನೂಕ್ ಹಿಡಿಯುವುದನ್ನು ಏಳು ವರ್ಷ ನಿಲ್ಲಿಸಿದವು. ಚಿನೂಕ್‌ನ ಒಂದು ಪೂರ್ತಿ ಜೀವನಚಕ್ರದ ಲೆಕ್ಕ ಅದು. ಟೆಸ್ಲಿನ್ ಸಭೆಯ 25 ಜನ ಎಂಥ ಒಳ್ಳೇ ಕಾನೂನು ಮಾಡಿದರೂ ನದಿಯ ಕೆಳಗೆ ಬೇರೆ ದೇಶದಲ್ಲಿ ನಡೆಯುವುದು ಅವರ ಕೈಯಲ್ಲಿಲ್ಲ.

ಬಾರ್ ರೂಮ್

ಒಂದು ಮಾತು ಸೇರಿಸುತ್ತೇನೆ. ಪಕ್ಕದ ಆಟ್ಲಿನ್‌ನ ಟಾಕು ರಿವರ್ ಟ್ಲಿಂಗಿಟ್ ಇದೇ ಜನ, ಆದರೆ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿದ್ದಾರೆ. ಅವರು ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಗಣಿಗೆ ರಸ್ತೆ ಹಾಕುವ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2004ರಲ್ಲಿ ಕೋರ್ಟು, ಹಕ್ಕು ಇನ್ನೂ ಸಾಬೀತಾಗಿರದಿದ್ದರೂ ಸರ್ಕಾರ ಇವರ ಜೊತೆ ಸಮಾಲೋಚನೆ ಮಾಡಲೇಬೇಕು ಅಂದಿತು. ಆದರೆ ಈ ಕೇಸಿನಲ್ಲಿ ಸಮಾಲೋಚನೆ ಸಾಕಷ್ಟು ಆಗಿದೆ ಅಂತಲೂ ಹೇಳಿತು. ಅಂದರೆ ತತ್ವದಲ್ಲಿ ಗೆದ್ದರು, ಕೇಸು ಸೋತರು. ಅವರ ಹಕ್ಕು ಕೈಬಿಟ್ಟಿಲ್ಲ, ಟೆಸ್ಲಿನ್‌ಗೆ ಇರುವ ಅಧಿಕಾರವೂ ಕೈಗೆ ಬಂದಿಲ್ಲ. ಯಾರು ಜಾಣರು ಅಂತ ನನ್ನನ್ನು ಕೇಳಿದರೆ ಟೆಸ್ಲಿನ್‌ನವರೇ ಅನ್ನುತ್ತೇನೆ. ಕಕ್ಷಿದಾರರಾಗಿ ಮೂವತ್ತು ವರ್ಷ ಕಾಯುವುದಕ್ಕಿಂತ ಮೂವತ್ತು ವರ್ಷ ಆಡಳಿತ ಮಾಡಿದ್ದು ದೊಡ್ಡದು.

ಸಿಯಾಟಲ್ ಸೊಸೆ

ಒಪ್ಪುವುದಿಲ್ಲ. ಬರೆದುಕೊಟ್ಟ ಹಕ್ಕು ವಾಪಸ್ ಬರುವುದಿಲ್ಲ. ಮೊಮ್ಮಕ್ಕಳ ಪರವಾಗಿ ಬಿಟ್ಟುಕೊಡಲು ಇವರು ಯಾರು ಅನ್ನುವ ಪ್ರಶ್ನೆ ಇದ್ದೇ ಇದೆ.

ಹಳೇ ಮೈಸೂರು

ನೀವಿಬ್ಬರು ಅದನ್ನು ಬಗೆಹರಿಸಿಕೊಳ್ಳಿ. ನಾನು "ಬರೀ ಬೋರ್ಡು" ಅನ್ನುವ ಮಾತನ್ನು ಅಲಾಸ್ಕಾದ 787 ಚದರ ಅಡಿಗೆ ಇಟ್ಟುಕೊಳ್ಳುತ್ತೇನೆ, ಟೆಸ್ಲಿನ್‌ಗೆ ಬೇಡ.

ಆದರೆ ಕುಲಕ್ಕೆ ಐದೇ ಸೀಟು ಅನ್ನುವುದು ಇನ್ನೂ ಗಂಟಲಲ್ಲಿ ಇಳಿಯುತ್ತಿಲ್ಲ. ಅಪ್ಪ ಟ್ಲಿಂಗಿಟ್, ಅಮ್ಮ ಪಂಜಾಬಿ ಅಂತ ಇಟ್ಟುಕೊಳ್ಳಿ. ಆ ಮಗುವಿಗೆ ಕುಲ ಎಲ್ಲಿಂದ? ಸೀಟು ಎಲ್ಲಿಂದ?

ವೈಟ್‌ಹಾರ್ಸ್ ಕನ್ನಡಿಗ

ಅಂಥವರು ಇಲ್ಲಿ ಬೇಕಾದಷ್ಟು ಜನ. ಟ್ಲಿಂಗಿಟ್ ಕಟ್ಟಳೆಯಲ್ಲೇ ದಾರಿ ಇದೆ. ಒಂದು ಕುಲ ಮುಂದೆ ಬಂದು, ಪಾಟ್‌ಲ್ಯಾಚ್‌ನಲ್ಲಿ ಎಲ್ಲರೆದುರು ಹೆಸರು ಕೊಟ್ಟು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಎದುರು ಪಂಗಡದವರು ಸಾಕ್ಷಿ. ಸುಮ್ನೆ ಹೆಸರಿಗಲ್ಲ, ಆಮೇಲೆ ಆ ಕುಲದ ಸಾವಿಗೆ, ಖರ್ಚಿಗೆ, ಕೆಲಸಕ್ಕೆ ಇವರೂ ಹೆಗಲು ಕೊಡಬೇಕು.

ಸೀಟಿನ ಲೆಕ್ಕಕ್ಕೆ ನನ್ನ ಉತ್ತರ ಇಷ್ಟೇ. ಅಲ್ಲಿ ತೀರ್ಮಾನ ಆದಷ್ಟೂ ಎಲ್ಲರೂ ಒಪ್ಪುವವರೆಗೆ ಮಾತಾಡಿ ಮಾಡುತ್ತಾರೆ. ತಲೆ ಎಣಿಸುವುದು ಕೊನೆಯ ದಾರಿ. ಹಾಗಿರುವಾಗ ದೊಡ್ಡ ಕುಲಕ್ಕೆ ಎಂಟು ಸೀಟು ಕೊಟ್ಟರೂ ಚಿಕ್ಕ ಕುಲವನ್ನು ಒಪ್ಪಿಸದೆ ಸಭೆ ಮುಗಿಯುವುದಿಲ್ಲ.

ಹಳೇ ಮೈಸೂರು

ಸಭೆ ಎಷ್ಟು ಹೊತ್ತು ನಡೆಯುತ್ತೋ ಪಾಪ.

ವೈಟ್‌ಹಾರ್ಸ್ ಕನ್ನಡಿಗ

ಜುಲೈನಲ್ಲಿ ನಡೆಸಿದರೆ ತೊಂದರೆ ಇಲ್ಲ ಸಾರ್, ರಾತ್ರಿ ಹನ್ನೊಂದಕ್ಕೂ ಇಲ್ಲಿ ಬೆಳಕಿರುತ್ತದೆ.